ಪಾರಿತೋಷಕವೂ ವಾಚಕನೂ

2025ನೆಯ ಇಸವಿಯ ಮೇ ತಿಂಗಳ 20ರಂದು ಲಂಡನ್ ನಗರದಲ್ಲಿ ಹಾಸನದ ಶ್ರೀಮತಿ ಬಾನು ಮುಷ್ತಾಕರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪಾರಿತೋಷಕವು ದೊರೆತ ಸಂಗತಿಯು ನಮ್ಮ ವಾಚಕರಿಗೆ ವಿದಿತವೇ ಇದೆ. ಕನ್ನಡಕ್ಕೆ ಈ ಮನ್ನಣೆಯು ಸಂದದ್ದು ಅದೇ ಮೊದಲು. ನಾಡಿನಲ್ಲಿ ಅಭಿನಂದನ ಸಭೆಗಳಾದವು, ಹಾರತುರಾಯಿಗಳಿಗೆ ಕೊರತೆಯಾಗಲಿಲ್ಲ. ಆದರೆ ಆ ಪಾರಿತೋಷಕದ ನಿಯಮವೊಂದನ್ನು ನಮ್ಮವರು ಸಾಕಷ್ಟು ಮನನ ಮಾಡಿದಂತೆ ತೋರುವುದಿಲ್ಲ. 50,000 ಪೌಂಡುಗಳ ಧನದಲ್ಲಿ ಅರ್ಧವು ಗ್ರಂಥಕರ್ತೃವಿಗೆ. ಉಳಿದರ್ಧವು ಭಾಷಾಂತರಕರ್ತೃಗಳಾದ ಮಡಿಕೇರಿಯ ಶ್ರೀಮತಿ ದೀಪಾ ಭಾಸ್ತಿಯವರಿಗೆ. 1990ರಿಂದ 2023ರವರೆಗೆ ಕನ್ನಡದಲ್ಲಿ ಪ್ರಕಟವಾಗುತ್ತ ಬಂದ ಆ 12 ಕಥೆಗಳನ್ನು ಜಗತ್ತು ಅರಿತುಕೊಳ್ಳುವುದಕ್ಕೆ ಭಾಷಾಂತರವೊಂದು ಬೇಕಾಯಿತು.

ರಷ್ಯನ್ ಲೇಖಕರಾದ ಮಿಖಾಯಿಲ್ ಶಿಶ್ಕಿನ್ನರು 2024ರಲ್ಲಿ ಸ್ಥಾಪಿಸಿದ 'ದಾರ್' ಪಾರಿತೋಷಕವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಲೇಖಕನು ಯಾವ ದೇಶದಲ್ಲಿದ್ದರೂ ಸರಿಯೇ, ಈ ಕಾಲದ ರಷ್ಯನ್ ಬರವಣಿಗೆಯನ್ನು ಅನ್ಯಭಾಷೆಗಳಿಗೆ ತರುವ ವೆಚ್ಚವೇ ಅಲ್ಲಿಯ ಬಹುಮಾನ. ನಮ್ಮಲ್ಲಿಯಾದರೋ, ಎಂಟು ಜ್ಞಾನಪೀಠಗಳನ್ನು ಎಣಿಸಿ ಹೇಳುವವರು ಬಹಳ. ಈ ವರ್ಷ ಒಂದು ಹೊಸ ಪುಸ್ತಕವನ್ನು ಕೊಂಡು ಓದಿದವರೆಷ್ಟು ಮಂದಿ?

ಈ ಪ್ರಶ್ನೆಯು ಬೀದರಿಗೆ ವಿಶೇಷವಾಗಿ ಸಲ್ಲುವಂಥದು. ನಿಜಾಮರ ಆಳಿಕೆಯಲ್ಲಿ ಉರ್ದುವೇ ಶಿಕ್ಷಣದ ಭಾಷೆಯಾಗಿದ್ದಾಗ, ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಪಾಠ ಹೇಳಿಸಿದರೆಂಬುದು ಈ ಸೀಮೆಯ ಮನೆಮಾತಾಗಿದೆ. ಈಗ ಫಲಕವೂ ಕನ್ನಡವೇ. ಒಳಗೆ ಓದುವವರಿದ್ದಾರೆಯೇ ಎಂಬುದೇ ಚಿಂತೆ. 1985ರಲ್ಲಿಯೂ 2006ರಲ್ಲಿಯೂ ಸಾಹಿತ್ಯ ಸಮ್ಮೇಳನಗಳನ್ನು ಕಂಡ ಊರು ಇದು. ಸಮ್ಮೇಳನದ ಚಪ್ಪರವು ಮೂರು ದಿನದ್ದು. ಪುಸ್ತಕದ ಕಪಾಟು ಸದಾಕಾಲದ್ದು.

ರಸ್ತೆಗೂ ನೀರಿಗೂ ಹಣವಿಲ್ಲದಾಗ ಸಾಹಿತ್ಯಕ್ಕೆಲ್ಲಿಯದು ಎಂದು ಅಧಿಕಾರಿಗಳು ಕೇಳಬಹುದು. 1965ರ ಸಾರ್ವಜನಿಕ ಗ್ರಂಥಾಲಯ ಕಾನೂನಿನ ಮೇರೆಗೆ, ಆಸ್ತಿತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆಯಂತೆ ಗ್ರಂಥಾಲಯ ಕರವನ್ನು ಪಟ್ಟಣಿಗರು ತೆರುತ್ತಲೇ ಇದ್ದಾರೆ. ಅದು ಗ್ರಂಥಾಲಯಕ್ಕೆ ಎಷ್ಟು ಮುಟ್ಟಿತು, ಅದರಲ್ಲಿ ಇಂದಿನ ಲೇಖಕರ ಪುಸ್ತಕಗಳೆಷ್ಟು ಬಂದವು ಎಂಬ ಲೆಕ್ಕವನ್ನು ಬೀದರ, ಭಾಲ್ಕಿ, ಔರಾದಗಳ ಪೌರಸಂಸ್ಥೆಗಳು ವರ್ಷಕ್ಕೊಮ್ಮೆ ಪ್ರಕಟಿಸಲಿ. ಇದು ನಮ್ಮ ಮೊದಲನೆಯ ಬಿನ್ನಹ.

ಎರಡನೆಯದು, ಈ ಜಿಲ್ಲೆಗೊಂದು ಭಾಷಾಂತರ ಪಾರಿತೋಷಕ. ಔರಾದದ ಎಷ್ಟೋ ಮನೆಗಳಲ್ಲಿ ಮರಾಠಿ ಮನೆಮಾತು. ಬೀದರದ ಓಣಿಗಳಲ್ಲಿ ಉರ್ದು. ಗಡಿಗೆ ಹತ್ತಿದಂತೆ ತೆಲುಗು. ಇದನ್ನು ಕನ್ನಡಕ್ಕೆ ಒದಗಿದ ಕಷ್ಟವೆಂದು ಬಗೆಯುವವರುಂಟು. ನಾವು ಹಾಗೆ ತಿಳಿಯುವುದಿಲ್ಲ. ಎರಡು ಭಾಷೆಗಳನ್ನು ತಾಯಿಯ ಮಡಿಲಿನಲ್ಲಿಯೇ ಕಲಿತ ತರುಣರು ಎಲ್ಲ ಜಿಲ್ಲೆಗಳಿಗೂ ದೊರೆಯುವುದಿಲ್ಲ. ಅವರಿಂದ ವರ್ಷಕ್ಕೊಂದು ಒಳ್ಳೆಯ ಪುಸ್ತಕವು ಕನ್ನಡಕ್ಕೆ ಬರಲಿ, ಇನ್ನೊಂದು ಕನ್ನಡದಿಂದ ಹೋಗಲಿ. ಶಾಲು ಹೊದಿಸಿದರೆ ಲೇಖಕನಿಗೆ ಒಂದು ಸಂಜೆಯ ಸಂತೋಷ. ವಾಚಕನನ್ನು ಒದಗಿಸಿಕೊಟ್ಟರೆ ಆಯುಷ್ಯದ ಬಲ. ಪಟ್ಟದ್ದೇವರ ನಾಡಿಗೆ ಇಷ್ಟು ಮಾಡುವುದು ಅಸಾಧ್ಯವೇನೂ ಅಲ್ಲ.