ಬಾವಿ, ಹೊಳೆ, ಕಡಲು ಉಳಿಸಿಕೊಡಿ: ಮೂರು ತಾಲೂಕುಗಳ ನಿವಾಸಿಗಳ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉಡುಪಿ ಜಿಲ್ಲೆ, ಮಣಿಪಾಲ

ಮೂಲಕ: ಮಾನ್ಯ ಉಪವಿಭಾಗಾಧಿಕಾರಿಗಳು, ಕುಂದಾಪುರ

ವಿಷಯ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಅಂತರ್ಜಲ, ಕುಡಿಯುವ ನೀರು, ಹೊಳೆ ಮತ್ತು ಕಡಲು ಕಲುಷಿತವಾಗುತ್ತಿರುವುದನ್ನು ತಡೆಯಲು ಕ್ರಮ ಕೈಗೊಳ್ಳುವ ಬಗ್ಗೆ.

ಮಾನ್ಯರೇ,

ನಾವು ಈ ಮೂರು ತಾಲೂಕುಗಳ ಹೊಳೆಬದಿ, ಕಡಲಬದಿ ಗ್ರಾಮಗಳಲ್ಲಿ ಬಾವಿ ನೀರನ್ನೇ ನೆಚ್ಚಿ ಬದುಕುತ್ತಿರುವವರು. ನಾಡದೋಣಿ ಮೀನುಗಾರರು, ಗದ್ದೆ ತೋಟದವರು, ಬೀಡಿ ಕಟ್ಟುವ ತಾಯಂದಿರು, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು, ಎಲ್ಲರೂ ಸೇರಿ ಈ ಮನವಿ ಸಲ್ಲಿಸುತ್ತಿದ್ದೇವೆ.

2024ರ ಅಕ್ಟೋಬರ್ ಆರಂಭದಲ್ಲಿ ಬೈಂದೂರು ತಾಲೂಕು ಉಪ್ಪುಂದ ಗ್ರಾಮದ ಮಡಿಕಲ್, ಕರ್ಕಿಕಳಿ ಭಾಗದಲ್ಲಿ ನಳ್ಳಿ ನೀರು ಕುಡಿದ ನೂರಾರು ಮಂದಿ ವಾಂತಿ ಭೇದಿಯಿಂದ ಮಲಗಿದ್ದು ತಮಗೆ ತಿಳಿದೇ ಇದೆ. ಅದು ಬರಗಾಲದ ತಿಂಗಳಲ್ಲ. ವರ್ಷಕ್ಕೆ ಹತ್ತಿರಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಆಗ ಬಾವಿಗಳೆಲ್ಲ ತುಂಬಿದ್ದವು. ತುಂಬಿದ ಬಾವಿಯ ಊರಿನಲ್ಲಿ ಮಕ್ಕಳು ಮುದುಕರು ನೀರು ಕುಡಿದೇ ಆಸ್ಪತ್ರೆ ಸೇರಿದರು. ಆ ವಾರ ಟ್ಯಾಂಕ್ ತೊಳೆದರು, ಬ್ಲೀಚಿಂಗ್ ಪುಡಿ ಬಂತು, ಅಧಿಕಾರಿಗಳೂ ಬಂದರು. ಅದಕ್ಕೆ ನಾವು ಕೃತಜ್ಞರು. ಆದರೆ ಜನ ಮಲಗುವುದಕ್ಕಿಂತ ಮೊದಲೇ ನೀರು ಕೆಟ್ಟಿದೆಯೆಂದು ತಿಳಿಯುವ ಏರ್ಪಾಡು ನಮ್ಮ ಊರುಗಳಿಗೆ ಬೇಕಾಗಿದೆ.

ಇನ್ನೊಂದು ಕೇಡು ಸದ್ದಿಲ್ಲದೆ ಬರುವಂಥದು. ಪಂಚಗಂಗಾವಳಿಯ ಕುದ್ರುಗಳಲ್ಲಿ, ಸೀತಾ ಸುವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಸುತ್ತ, ಫೆಬ್ರವರಿ ಕಳೆಯಿತೆಂದರೆ ‘ಬಾಮಿ ನೀರ್ ಉಪ್ಪಾಯ್ತ್’ ಎಂಬ ಮಾತು ಮನೆಯಿಂದ ಮನೆಗೆ ಹೋಗುತ್ತದೆ. ನಮ್ಮಲ್ಲೊಬ್ಬರ ಮನೆಯ ಬಾವಿ ಹೊಳೆಯಿಂದ ಒಂದು ಗದ್ದೆಯಷ್ಟು ದೂರ. ಅಜ್ಜನ ಕಾಲದಲ್ಲಿ ಮುರಕಲ್ಲಿನಲ್ಲಿ ಕಟ್ಟಿದ ಬಾವಿ. ಮಾರ್ಚ್‌ನಲ್ಲಿ ಆ ನೀರು ಕಾಯಿಸಿದ ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರುತ್ತದೆ. ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಬಟ್ಟೆಗೆ ಸಾಬೂನು ನೊರೆ ಬರುವುದಿಲ್ಲ. ಆ ಮನೆಯ ಹೆಣ್ಣುಮಗಳು ಏಪ್ರಿಲ್, ಮೇ ಎರಡು ತಿಂಗಳು ಪಂಚಾಯಿತಿಯ ಟ್ಯಾಂಕರ್ ಬರುವ ದಾರಿ ಕಾಯುತ್ತಾರೆ. ಕೂಲಿಗೆ ಹೋದ ದಿನ ಟ್ಯಾಂಕರ್ ತಪ್ಪುತ್ತದೆ, ಟ್ಯಾಂಕರ್‌ಗೆ ನಿಂತ ದಿನ ಕೂಲಿ ತಪ್ಪುತ್ತದೆ.

ಕೆಲವು ಬಾವಿಗಳ ನೀರಿಗೆ ಕೆಂಪು ಬಣ್ಣವಿದೆ. ಅದು ನಮ್ಮ ಮುರಕಲ್ಲಿನ ಕಬ್ಬಿಣದ ಗುಣ, ಅದಕ್ಕಾಗಿ ಯಾರನ್ನೂ ದೂರುತ್ತಿಲ್ಲ. ಉಪ್ಪಿನ ಕಥೆ ಬೇರೆ. ಕಡಲಬದಿಯ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿ ಆಳದವರೆಗೂ ಸಿಹಿನೀರೇ ಇರುತ್ತದೆಂಬುದು ಅಂತರ್ಜಲ ಶಾಸ್ತ್ರದ ಹಳೆಯ ಲೆಕ್ಕ. ಹಾಗಾಗಿ ಕೊಳವೆಬಾವಿಯಿಂದ ಒಂದು ಅಡಿ ಎಳೆದು ಬರಿದು ಮಾಡಿದರೆ ಕೆಳಗಿನಿಂದ ಉಪ್ಪು 40 ಅಡಿ ಮೇಲೇರುವುದಕ್ಕೆ ದಾರಿಯಾಗುತ್ತದೆ. ಒಬ್ಬರು ಆಳಕ್ಕೆ ಕೊರೆದರೆ ನೆರೆಮನೆಯ ತೆರೆದ ಬಾವಿಯೂ ಕೆಡುವುದು ಹೀಗೆ.

ಹೊಳೆಯಲ್ಲಿ ಉಬ್ಬರದ ನೀರು ಮೇಲಕ್ಕೆ ನುಗ್ಗದಂತೆ ತಡೆಯಬೇಕಾದದ್ದು ಕಿಂಡಿ ಅಣೆಕಟ್ಟು. ಮಳೆ ನಿಂತು ಹೊಳೆಯ ಹರಿವು ಇಳಿಯುವಾಗ ಹಲಗೆ ಇಳಿಸಬೇಕು, ಮಳೆಗಾಲಕ್ಕೆ ಮುಂಚೆ ತೆಗೆಯಬೇಕು. ಇದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಎಷ್ಟೋ ಕಡೆ ಟೆಂಡರ್ ಮುಗಿದು ಹಲಗೆ ಬೀಳುವಷ್ಟರಲ್ಲಿ ಉಪ್ಪುನೀರು ಅಣೆಕಟ್ಟು ದಾಟಿ ಮೇಲೆ ಹೋಗಿರುತ್ತದೆ. ಆಮೇಲೆ ಹಲಗೆ ಹಾಕಿದರೆ ಉಪ್ಪನ್ನೇ ಒಳಗೆ ಕಟ್ಟಿ ಇಟ್ಟಂತಾಗುತ್ತದೆ. ಪಶ್ಚಿಮ ವಾಹಿನಿ ಯೋಜನೆಯಲ್ಲಿ ಹೊಸ ಅಣೆಕಟ್ಟು ಕಟ್ಟುವುದು ಸಂತೋಷವೇ. ಇದ್ದ ಅಣೆಕಟ್ಟಿನ ಕೊಳೆತ ಹಲಗೆ, ಸೋರುವ ಕಿಂಡಿಗಳನ್ನು ಮೊದಲು ಸರಿಪಡಿಸಬೇಕು. ಪ್ರತಿ ಅಣೆಕಟ್ಟಿಗೂ ಹಲಗೆ ಇಳಿಸುವ ದಿನಾಂಕವನ್ನು ಅಕ್ಟೋಬರ್‌ನಲ್ಲೇ ಪ್ರಕಟಿಸಿ, ಆ ದಿನ ಊರಿನ ಇಬ್ಬರು ರೈತರ ಸಹಿ ಪಡೆಯಬೇಕೆಂದು ಕೋರುತ್ತೇವೆ. ಹೊಳೆ ಮತ್ತು ಕಡಲಿನ ಸಮೀಪದಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಕೊಡುವ ಮೊದಲು ಸುತ್ತಲಿನ ತೆರೆದ ಬಾವಿಗಳ ಉಪ್ಪಿನಂಶ ಅಳೆದು ದಾಖಲಿಸಬೇಕು.

ಕೊಳಚೆಯ ವಿಷಯಕ್ಕೆ ಬಂದರೆ, ಮಾನ್ಯರೇ, ಬರೆಯಲು ಮನಸ್ಸು ಅಳುಕುತ್ತದೆ. ಸೌಪರ್ಣಿಕೆಯಲ್ಲಿ ಮುಳುಗೆದ್ದು ಕೊಲ್ಲೂರು ಮೂಕಾಂಬಿಕೆಯ ದರ್ಶನಕ್ಕೆ ಹೋಗುವ ಭಕ್ತರು ಕರ್ನಾಟಕ, ಕೇರಳ, ತಮಿಳುನಾಡಿನಿಂದ ಬರುತ್ತಾರೆ. ಆ ಹೊಳೆಗೆ ಕೊಳಚೆ ಸೇರುತ್ತಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋಗಬೇಕಾಯಿತು. ಕೊಲ್ಲೂರಿನಲ್ಲಿ ಹೊಳೆಗೆ ಬಿದ್ದದ್ದು ಕೊಲ್ಲೂರಿನಲ್ಲೇ ನಿಲ್ಲುವುದಿಲ್ಲ. ಕೆಳಗೆ ಮರವಂತೆಯ ಮಗ್ಗುಲಲ್ಲಿ ಹರಿದು, ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಇತ್ತ ಕುಂದಾಪುರ ಪಟ್ಟಣದ ಒಳಚರಂಡಿ ಕೆಲಸ ವರ್ಷಗಟ್ಟಲೆ ಕುಂಟುತ್ತಾ ಬಂದಿದೆ. ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಫ್ಲಾಟು, ಲಾಡ್ಜು, ಕಲ್ಯಾಣಮಂಟಪ ಏಳುತ್ತಿವೆ. ಅವುಗಳ ಶೌಚಗುಂಡಿ ಹೀರಿದ ಟ್ಯಾಂಕರ್ ರಾತ್ರಿ ಎಲ್ಲಿ ಖಾಲಿಯಾಗುತ್ತದೆ? ಹೊಳೆಬದಿಯಲ್ಲಿ ಮಲಗುವ ನಮಗೆ ಆ ವಾಸನೆ ಗೊತ್ತು.

ಆದ್ದರಿಂದ ಇಂಥ ಟ್ಯಾಂಕರ್‌ಗಳೆಲ್ಲ ನೋಂದಣಿಯಾಗಬೇಕು, ಪ್ರತಿ ಟ್ರಿಪ್ಪಿಗೂ ಎಲ್ಲಿ ತುಂಬಿಸಿತು, ಎಲ್ಲಿ ಸುರಿಯಿತು ಎಂಬ ಚೀಟಿ ಇರಬೇಕು, ಸುರಿಯುವುದಕ್ಕೆ ಮೂರೂ ತಾಲೂಕುಗಳಿಗೆ ತಲಾ ಒಂದು ಮಲತ್ಯಾಜ್ಯ ಶುದ್ಧೀಕರಣ ಘಟಕ ಬೇಕು. ಘಟಕ ಕೊಡದೆ ಬರಿ ದಂಡ ಹಾಕಿದರೆ ಟ್ಯಾಂಕರಿನವರು ಇನ್ನೂ ಕತ್ತಲಿರುವ ಜಾಗ ಹುಡುಕುತ್ತಾರೆ, ಅಷ್ಟೆ.

ಇನ್ನು ನೀರಿನ ಪರೀಕ್ಷೆಯ ಮಾತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೊಲೈ ರೋಗಾಣು ಇರಕೂಡದು. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1000. ಜಲ ಜೀವನ್ ಮಿಷನ್ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದು ಹೇಳಿದೆ. ಅದಕ್ಕೆ ಬೇಕಾದ ಪರೀಕ್ಷಾ ಪೆಟ್ಟಿಗೆಗಳು ಪಂಚಾಯಿತಿ ಕಪಾಟಿನಲ್ಲಿ ಇರುವ ಬದಲು ನಮ್ಮ ಸ್ವಸಹಾಯ ಸಂಘಗಳ ಕೈಗೆ ಬರಲಿ, ಮನೆಬಾವಿಗಳೂ ಲೆಕ್ಕಕ್ಕೆ ಸೇರಲಿ. ಫಲಿತಾಂಶವನ್ನು ಬಾವಿಯ ಹೆಸರಿನೊಂದಿಗೆ ಪಂಚಾಯಿತಿ ಫಲಕದಲ್ಲೂ ನ್ಯಾಯಬೆಲೆ ಅಂಗಡಿಯಲ್ಲೂ ಅಂಟಿಸಬೇಕು. ‘ನೀರು ಯೋಗ್ಯವಾಗಿದೆ’ ಎಂಬ ಒಂದು ಸಾಲು ನಮಗೆ ಸಾಲದು, ಅಂಕಿ ಬೇಕು. ಅಂಕಿ ನೋಡಿದರೆ ಕಾಯಿಸಿ ಕುಡಿಯಬೇಕೋ, ಬಿಡಬೇಕೋ ಎಂದು ನಾವೇ ತೀರ್ಮಾನಿಸಬಲ್ಲೆವು. ಉಪ್ಪು ಕಾಯಿಸಿದರೆ ಹೋಗುವುದಿಲ್ಲವೆಂದೂ ಬಲ್ಲೆವು.

ಇನ್ನು ಕಡಲಿನ ಮಾತು. ಮಳೆಗಾಲದ ಮೊದಲ ವಾರಗಳಲ್ಲಿ ಕೈರಂಪಣಿ ಎಳೆದರೆ ಬಲೆಯ ಹೊಟ್ಟೆಯಲ್ಲಿ ಬಂಗಡೆಗಿಂತ ಮೊದಲು ಹಾಲಿನ ಪ್ಯಾಕೆಟ್ಟು, ಡೈಪರು, ಗುಟ್ಕಾ ಚೀಟಿ, ಥರ್ಮಾಕೋಲು ಬರುತ್ತದೆ. ಅವನ್ನು ಬಿಡಿಸುವುದರಲ್ಲೇ ಅರ್ಧ ಬೆಳಗು ಹೋಗುತ್ತದೆ. ಇದರಲ್ಲಿ ಸೇತುವೆಗಳ ಮೇಲಿಂದ ಎಸೆದದ್ದೂ ಇದೆ. ನಮ್ಮ ತಪ್ಪೂ ಇದೆ: ಹರಿದ ಬಲೆ, ಹಳೆ ಎಣ್ಣೆಯನ್ನು ನೀರಿಗೆ ಬಿಟ್ಟವರು ನಮ್ಮಲ್ಲಿದ್ದಾರೆ. ಕೋಡಿ ಕಡಲತೀರಕ್ಕೆ ಮೊಟ್ಟೆಯಿಡಲು ಬರುವ ಕಡಲಾಮೆಗಳ ಕೊರಳಿಗೆ ಆ ಬಲೆಯೇ ಉರುಳಾಗುತ್ತದೆ. ಗಂಗೊಳ್ಳಿ ಮತ್ತಿತರ ಬಂದರುಗಳಲ್ಲಿ ಹರಿದ ಬಲೆಯನ್ನೂ ಎಂಜಿನ್ ಎಣ್ಣೆಯನ್ನೂ ತೂಕ ಮಾಡಿ ಹಣ ಕೊಟ್ಟು ಪಡೆಯುವ ಕೇಂದ್ರ ತೆರೆಯಿರಿ, ನಾವು ತಂದು ಕೊಡುತ್ತೇವೆ. ಹೆದ್ದಾರಿ ಸೇತುವೆಗಳಿಗೆ ಎತ್ತರದ ಬಲೆ ಬೇಲಿ, ಕ್ಯಾಮೆರಾ ಹಾಕಿಸಿ. ಕಸವನ್ನು ಸಂಪನ್ಮೂಲವಾಗಿ ನೋಡಬಹುದೆಂದು ವಂಡ್ಸೆ ಗ್ರಾಮ ಪಂಚಾಯಿತಿಯ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ (ಎಸ್‌ಎಲ್‌ಆರ್‌ಎಂ) ಘಟಕ ಮಾಡಿ ತೋರಿಸಿದೆ. ಹೊರಗಿನವರು ಬಂದು ನೋಡಿ ಹೋದರು, ಪಕ್ಕದ ಪಂಚಾಯಿತಿಗಳಿಗೂ ಅದು ಹಬ್ಬಬೇಕು. ಕಸ ಹೊರಗಿನ ಕಡಲಿನಿಂದಲೂ ಬರಬಹುದು: 2025ರ ಮೇ 25ರಂದು ಕೊಚ್ಚಿ ಬಳಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ ಪ್ಲಾಸ್ಟಿಕ್ ಹರಳುಗಳು ಕೇರಳದ ದಡ ತುಂಬಿದ್ದನ್ನು ಕಂಡಿದ್ದೇವೆ. ಅಂಥದ್ದು ನಮ್ಮ ದಡಕ್ಕೆ ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾರು ಬರುತ್ತಾರೆ ಎಂಬ ಲಿಖಿತ ಯೋಜನೆ ಪ್ರತಿ ಕಡಲಬದಿ ಪಂಚಾಯಿತಿಯಲ್ಲಿ ಇರಬೇಕು.

ಇಷ್ಟೂ ಕೇಳಿದ ಮೇಲೆ ನಮ್ಮ ಮುಖ್ಯ ಬೇಡಿಕೆ. ಬಾವಿಯೆಂದರೆ ಪಂಚಾಯಿತಿ, ಕಿಂಡಿ ಅಣೆಕಟ್ಟೆಂದರೆ ಸಣ್ಣ ನೀರಾವರಿ, ಕೊಳಚೆಯೆಂದರೆ ಮಾಲಿನ್ಯ ನಿಯಂತ್ರಣ ಮಂಡಳಿ, ಬಂದರೆಂದರೆ ಮೀನುಗಾರಿಕೆ, ಸೇತುವೆಯೆಂದರೆ ಹೆದ್ದಾರಿ ಪ್ರಾಧಿಕಾರ. ದೂರು ಹಿಡಿದುಕೊಂಡು ಹೋದವರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಸುಸ್ತಾಗಿದ್ದಾರೆ. ಆದರೆ 1974ರ ಜಲಮಾಲಿನ್ಯ ತಡೆ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ಹರಿಯುವ ಹೊಳೆ, ನೆಲದಡಿಯ ನೀರು, ಕಡಲು ಮೂರನ್ನೂ ‘ಹೊಳೆ’ ಎಂಬ ಒಂದೇ ಪದದಡಿ ಸೇರಿಸಿದೆ. ಅದರ 24ನೇ ಕಲಂ ಹೊಳೆಗಾಗಲಿ ಬಾವಿಗಾಗಲಿ ಕೊಳೆ ಬಿಡಕೂಡದೆನ್ನುತ್ತದೆ. ಕಾನೂನು ಒಂದೆಂದು ನೋಡಿದ ನೀರನ್ನು ಕಚೇರಿಗಳೂ ಹಾಗೆಯೇ ನೋಡಲಿ. ತಮ್ಮ ಅಧ್ಯಕ್ಷತೆಯಲ್ಲಿ, ಈ ಇಲಾಖೆಗಳೆಲ್ಲ ಇರುವ, ಮೀನುಗಾರರು, ರೈತರು, ಮಹಿಳೆಯರು ಸದಸ್ಯರಾಗಿರುವ ಒಂದು ಸಮಿತಿ ರಚಿಸಿ, ಎರಡು ತಿಂಗಳಿಗೊಮ್ಮೆ ಸಭೆ ಸೇರಿಸಿ, ದೂರು ಸ್ವೀಕರಿಸಿ ಉತ್ತರಿಸುವ ಹೊಣೆಯನ್ನು ಒಬ್ಬ ಅಧಿಕಾರಿಗೆ ಹೆಸರು ಹಿಡಿದು ವಹಿಸಬೇಕೆಂದು ವಿನಂತಿಸುತ್ತೇವೆ.

ಈ ಮನವಿಯೊಂದಿಗೆ ನಮ್ಮ ಬಾವಿಗಳಿಂದ ತುಂಬಿದ ಆರು ಬಾಟಲಿ ನೀರು ಇಟ್ಟಿದ್ದೇವೆ. ಯಾವ ಬಾವಿ, ಯಾವ ದಿನ ಎಂದು ಚೀಟಿ ಅಂಟಿಸಿದೆ. ಉಪ್ಪಿನ ಪರೀಕ್ಷೆಗೆ ಇವು ಸಾಕು. ರೋಗಾಣು ಪರೀಕ್ಷೆಯ ಮಾದರಿಯನ್ನು ಪ್ರಯೋಗಾಲಯದವರೇ ಬಂದು ಶುದ್ಧ ಬಾಟಲಿಯಲ್ಲಿ ತೆಗೆಯಬೇಕಾಗುತ್ತದೆ. ಬರುವ ದಿನ ತಿಳಿಸಿದರೆ ನಾವು ಬಾವಿಕಟ್ಟೆಯ ಬಳಿ ಇರುತ್ತೇವೆ.

ತಮ್ಮ ವಿಶ್ವಾಸಿಗಳು,
ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಹೊಳೆಬದಿ, ಕಡಲಬದಿ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಉಡುಪಿ, ಪರಿಸರ ಅಧಿಕಾರಿಗಳು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಉಡುಪಿ, ಮೂರೂ ತಾಲೂಕುಗಳ ತಹಶೀಲ್ದಾರರು