ಮಗಳು ಜಾಣೆಯಾದರೆ ಸಾಲದು

ಕಸ ಗುಡಿಸುವವರ ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಶಾಸಕರು ಶಾಲು ಹೊದಿಸುತ್ತಾರೆ. ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಅಂಥ ಹುಡುಗಿಯರು ಅಮ್ಮನ ಜೊತೆ ನನ್ನ ಟೇಬಲ್ ಮುಂದೆ ಕೂತಿರುತ್ತಾರೆ. ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಸಾಲದ ಅರ್ಜಿ ನೋಡುವುದು ನನ್ನ ಕೆಲಸ.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ. ಆದರೆ ಹೆತ್ತವರು ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು, ಸಹಿ ಹಾಕುವವರ ಸಂಪಾದನೆ ಎಷ್ಟೆಂದು ನಾವು ಕೇಳದೆ ಬಿಡುವುದಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಎಲ್ಲ ಹೊರಗೆ ಬರುತ್ತವೆ. ಸ್ಯಾಲರಿ ಸ್ಲಿಪ್ ಮಾತ್ರ ಬರುವುದಿಲ್ಲ. ‘ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ ಮೇಡಂ’ ಎಂದು ಒಬ್ಬಾಕೆ ಹೇಳಿದಾಗ ನನ್ನ ಫಾರಂನಲ್ಲಿ ಅದನ್ನು ಬರೆಯುವ ಕಾಲಂ ಇರಲಿಲ್ಲ.

ನನ್ನಮ್ಮನೂ ಪೊರಕೆ ಹಿಡಿದವಳೇ. ಅವಳದು ಖಾಯಂ ಕೆಲಸ. ಅವಳ ಜೊತೆ ಅದೇ ರಸ್ತೆ ಗುಡಿಸುತ್ತಿದ್ದ ಪಕ್ಕದ ಮನೆಯ ಅಕ್ಕನದು ಗುತ್ತಿಗೆ. ನಮ್ಮಪ್ಪ ಹಾಸಿಗೆ ಹಿಡಿದಾಗ ಅಮ್ಮ ಪಿಎಫ್‌ನಿಂದ ದುಡ್ಡು ತೆಗೆದಳು. ಅವರ ಮನೆಯಲ್ಲಿ ಕಾಯಿಲೆ ಬಂದಾಗ ಸಿಕ್ಕಿದ್ದು ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿ. ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ ಅವರ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಗಾರ್ಮೆಂಟ್ಸ್ ಸೇರಿದಳು. ನಾನು ಬ್ಯಾಂಕ್ ಸೇರಿದೆ. ನೆಂಟರು ನನ್ನ ಶ್ರಮವನ್ನು ಹೊಗಳುವಾಗ (ಹೊಗಳಿಸಿಕೊಳ್ಳಲು ಹಿತವಾಗಿಯೇ ಇರುತ್ತದೆ) ಅಮ್ಮನ ಖಾಯಂ ಆದೇಶದ ಮಾತು ಯಾರೂ ಎತ್ತುವುದಿಲ್ಲ.

ಹಾಗಾಗಿ 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಪತ್ರ ಕೊಟ್ಟದ್ದನ್ನು ನಾನು ಯಾವ ವಿದ್ಯಾರ್ಥಿವೇತನಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ. ಅದು ಸುಮ್ಮನೆ ಸಿಕ್ಕಿದ್ದಲ್ಲ. 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟು ಮುಷ್ಕರ ಕೂತಿದ್ದರು. ಐವತ್ತು ದಾಟಿ ಖಾಯಂ ಆದವರಿಗೆ ಉಳಿದಿರುವ ವರ್ಷಗಳು ಬೆರಳೆಣಿಕೆಯವು. ಅಷ್ಟರಲ್ಲೇ ಮಗಳ ಡಿಗ್ರಿ ಮುಗಿಯಬೇಕು.

ಆದರೆ ಆಟೊ ಟಿಪ್ಪರ್ ಓಡಿಸುವವರು, ಅದರ ಹಿಂದೆ ನಿಂತು ಕಸ ಸುರಿಯುವವರು, ಲೋಡರ್‌ಗಳು ಆ ಪಟ್ಟಿಯಲ್ಲಿರಲಿಲ್ಲ. ಗುಡಿಸಿದವರಿಗೆ ಆದೇಶ ಪತ್ರ, ಗುಡಿಸಿದ್ದನ್ನು ಹೊತ್ತೊಯ್ಯುವವರಿಗೆ ಗುತ್ತಿಗೆದಾರ! ನಗರದ ಕಸ ಒಂದು ದಿನವೂ ರಜೆ ಹಾಕುವುದಿಲ್ಲ. ಅದನ್ನು ಎತ್ತುವವರ ಕೆಲಸವಷ್ಟೇ ತಾತ್ಕಾಲಿಕ ಹೇಗಾಯಿತು ಎಂಬುದನ್ನು ಟೆಂಡರ್ ಕರೆಯುವ ಅಧಿಕಾರಿಗಳು ಹೇಳಲಿ.