ಉರಿಯದ ಮಾಲೆದೀಪದ ಕುರಿತು

ಕಳೆದ ಡಿಸೆಂಬರಿನಲ್ಲಿ ನಾವು ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ಉದ್ದನಪಲ್ಲಿಯಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಹೊಸೂರು ಸೀಮೆ ಮದ್ರಾಸು ರಾಜ್ಯದಲ್ಲೇ ಉಳಿಯಿತು. ಮನೆಯೊಳಗೆ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಎಂಬ ಬದುಕು ಅಲ್ಲಿಯ ಕನ್ನಡಿಗರಿಗೂ ಹೊಸತಲ್ಲ, ನಮಗೂ ಹೊಸತಲ್ಲ. ಆದರೆ ಇಂದು ಬರೆಯಹೊರಟದ್ದು ಆ ದೊಡ್ಡ ವಿಷಯವನ್ನಲ್ಲ, ಒಂದು ಮಾಲೆದೀಪದ ವಿಷಯವನ್ನು.

ನೆರೆಮನೆಯವರು ಕ್ರಿಸ್ಮಸ್ಸಿಗೆಂದು ಜಗಲಿಯಲ್ಲಿ ನಕ್ಷತ್ರ ತೂಗುಹಾಕಿ, ಸುತ್ತಲೂ ಪೇಟೆಯಿಂದ ತಂದ ಸೀರಿಯಲ್ ಸೆಟ್ ಕಟ್ಟಿದ್ದರು. ಅರ್ಧ ಮಾಲೆ ಉರಿಯುತ್ತಿತ್ತು, ಅರ್ಧ ಕತ್ತಲು. ಹದಿನಾಲ್ಕರ ಹುಡುಗನೊಬ್ಬ ಸ್ಟೂಲಿನ ಮೇಲೆ ನಿಂತು, ಪ್ಲಗ್ಗನ್ನು ಹಾಗೆಯೇ ಬಿಟ್ಟು, ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಬಿಡಿಸಲು ಹೊರಟಿದ್ದ. ನಾವು ಗದರಿದಾಗ ಅವನು ನಕ್ಕು, "ಇಷ್ಟು ಚಿಕ್ಕ ಬಲ್ಬು ಮಾಮ, ಇದ್ರಾಗೆ ಏನ್ ಕರೆಂಟ್ ಇರ್ತದೆ?" ಎಂದ.

ಹುಡುಗನ ತಪ್ಪೇನೂ ಅಲ್ಲ. ಈ ಮಾತನ್ನು ನಮ್ಮ ಕಡೆ ದೊಡ್ಡವರ ಬಾಯಲ್ಲೂ ಕೇಳಿದ್ದೇವೆ. ದೀಪಾವಳಿಯ ಗೂಡುದೀಪಕ್ಕೂ, ಗಣೇಶನ ಚಪ್ಪರಕ್ಕೂ, ಕ್ರಿಸ್ಮಸ್ಸಿನ ಗೋದಲಿಗೂ ಹಲವು ಮನೆಗಳಲ್ಲಿ ಓಡಾಡುವುದು ಅದೇ ಮಾಲೆ. ತಪ್ಪು ಎಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಹಳೆಯ ತಂತುಬಲ್ಬಿನ ಮಾಲೆಯಲ್ಲಿ ನಲವತ್ತು ಬಲ್ಬುಗಳು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿದ್ದರೆ, ಮನೆಯ 230 ವೋಲ್ಟು ನಲವತ್ತು ಪಾಲಾಗಿ ಒಂದೊಂದಕ್ಕೆ ಆರು ವೋಲ್ಟಿಗೂ ತುಸು ಕಡಿಮೆ ಸಿಗುತ್ತದೆ. ಈಗಿನ ಎಲ್.ಇ.ಡಿ. ದೀಪಕ್ಕೆ ಬೇಕಾದದ್ದು ಇನ್ನೂ ಕಡಿಮೆ: ಕೆಂಪು, ಹಳದಿಗೆ ಎರಡು ವೋಲ್ಟಿನಷ್ಟು, ನೀಲಿ, ಬಿಳಿಗೆ ಮೂರು ವೋಲ್ಟಿನಷ್ಟು. ಹುಡುಗ ಕಂಡದ್ದು ಈ ಚಿಕ್ಕ ಪಾಲನ್ನು. ಕಾಣದೆ ಹೋದದ್ದು, ಮಾಲೆಯ ತಂತಿಯಲ್ಲಿ ನೆಲದ ಮೇಲೆ ನಿಂತವನ ಪಾಲಿಗೆ ಇಡೀ 230 ವೋಲ್ಟು ಕಾದಿರಬಹುದು ಎಂಬುದನ್ನು. ಮಿಣುಕಿಸುವ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಇದೆಯೆಂದು ಹಲವರು ನಂಬಿದ್ದಾರೆ. ಅಗ್ಗದ ಮಾಲೆಗಳಲ್ಲಿ ಅದು ಇರುವುದಿಲ್ಲ.

ಇನ್ನೂ ಮೋಸದ ಸಂಗತಿಯೆಂದರೆ, ಉರಿಯದ ಮಾಲೆ ನಿರ್ಜೀವ ಮಾಲೆಯಲ್ಲ. ಸರಣಿಯ ಕೊನೆಯಲ್ಲೆಲ್ಲೋ ತಂತಿ ತುಂಡಾಗಿದ್ದರೆ ದೀಪಗಳೆಲ್ಲ ಆರುತ್ತವೆ. ಆದರೆ ಪ್ಲಗ್ಗಿನಿಂದ ಆ ತುಂಡಾದ ಜಾಗದವರೆಗೆ ಇಡೀ ಮಾಲೆ ಫೇಸಿನಲ್ಲೇ ಇರಬಹುದು. ಸ್ವಿಚ್ ಆರಿಸಿದರೆ ಸಾಲದೇ ಎಂದರೆ, ಸಾಲದು. ನಮ್ಮಲ್ಲಿಯ ಎಷ್ಟೋ ಎಕ್ಸ್‌ಟೆನ್ಶನ್ ಬೋರ್ಡುಗಳಲ್ಲಿ ಸ್ವಿಚ್ಚು ಕಡಿಯುವುದು ಫೇಸನ್ನೋ ನ್ಯೂಟ್ರಲನ್ನೋ ಎಂಬುದು ಅದನ್ನು ಜೋಡಿಸಿದವನಿಗೇ ಗೊತ್ತು. ಪ್ಲಗ್ಗನ್ನು ಕಿತ್ತು ಕಣ್ಣೆದುರು ಇಟ್ಟುಕೊಂಡೇ ಮಾಲೆಗೆ ಕೈ ಹಾಕಬೇಕು.

ಹಾಗೆಂದು ಕೆಟ್ಟ ಕೂಡಲೇ ಎಸೆಯಿರಿ ಎನ್ನುವವರ ಪಕ್ಷ ನಮ್ಮದಲ್ಲ. ಒಂದು ದೀಪ ಸತ್ತಿತೆಂದು ಉಳಿದ ಮೂವತ್ತೊಂಬತ್ತನ್ನು ಬಾವಿಕಟ್ಟೆಯ ಹಿಂದೆ ರಾಶಿ ಹಾಕುವುದು ಯಾವ ಲೆಕ್ಕ? ಉದ್ದನಪಲ್ಲಿಯ ಮಾಲೆಯನ್ನು ಕೆಳಗಿಳಿಸಿ ನೋಡಿದಾಗ ದೋಷ ದೀಪದ್ದಾಗಿರಲೇ ಇಲ್ಲ. ಡಬ್ಬಿಯೊಳಗೆ ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ನಾವು ಕಂಡಂತೆ ಹೆಚ್ಚಿನ ಮಾಲೆಗಳು ಕೆಡುವುದು ಅಲ್ಲಿ, ಇಲ್ಲವೇ ಪ್ಲಗ್ಗಿನ ಬುಡದಲ್ಲಿ. ನಮ್ಮ ಕರಾವಳಿಯಲ್ಲಿ ಇದರ ಜೊತೆಗೆ ಉಪ್ಪುಗಾಳಿಗೆ ದೀಪದ ಕಾಲುಗಳು ತುಕ್ಕು ಹಿಡಿಯುತ್ತವೆ. ಅಟ್ಟದಲ್ಲಿಟ್ಟದ್ದನ್ನು ಇಲಿ ಕಡಿಯುತ್ತದೆ. ರಟ್ಟಿನ ತುಂಡಿಗೆ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮಳೆಗಾಲ ದಾಟಿ ಬರುತ್ತದೆ.

ದೀಪವೇ ಸತ್ತಿದ್ದರೆ ಬೇರೆ ಹಳೆಯ ಮಾಲೆಯಿಂದ ಅದೇ ಬಗೆಯದನ್ನು ತೆಗೆದು ಹಾಕಬೇಕು. ಎಲ್.ಇ.ಡಿ.ಯನ್ನು ತಿರುವುಮುರುವಾಗಿ ಸೇರಿಸಿದರೆ ಆ ಸಾಲು ಉರಿಯುವುದಿಲ್ಲ. ಸತ್ತ ಬಲ್ಬನ್ನು ಕತ್ತರಿಸಿ ತಂತಿಯ ಎರಡು ತುದಿಗಳನ್ನು ಹೊಸೆದುಬಿಡುವ ಜಾಣತನ ನಮ್ಮಲ್ಲಿ ಬಹಳ ಜನರಿಗಿದೆ. ನಲವತ್ತರ ಮಾಲೆಯನ್ನು ಹೀಗೆ ಮೂವತ್ತಕ್ಕೆ ಇಳಿಸಿದರೆ ಉಳಿದ ಒಂದೊಂದರ ಮೇಲೂ ಏಳೂವರೆ ವೋಲ್ಟಿಗಿಂತ ಹೆಚ್ಚು ಬೀಳುತ್ತದೆ. ಮಾಲೆ ಮೊದಲಿಗಿಂತ ಬೆಳ್ಳಗೆ ಉರಿಯುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ, ಆಮೇಲೆ ಒಂದೊಂದಾಗಿ ಎಲ್ಲವೂ ಸುಡುತ್ತವೆ. ಹೊಸೆದ ಜಾಗಕ್ಕೆ ಬೆಸುಗೆ ಮತ್ತು ಇನ್ಸುಲೇಷನ್ ಟೇಪು ಬೇಕೇ ಬೇಕು. ಸೆಲ್ಲೋ ಟೇಪು, ಮೇಣದ ಹನಿ, ಪ್ಲಾಸ್ಟಿಕ್ ಚೀಲದ ಚೂರು ಇವು ಯಾವುವೂ ಅದಕ್ಕೆ ಬದಲಿಯಲ್ಲ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯ ಮೇಲೆ, ತಗಡಿನ ಮಾಡಿನ ಅಂಚಿಗೆ ಮಾಲೆ ಕಟ್ಟುವುದನ್ನಂತೂ ನಿಲ್ಲಿಸಲೇಬೇಕು. ಸಿಪ್ಪೆ ಹೋದ ಒಂದೇ ಒಂದು ಜಾಗ ಸಾಕು, ಮಾರನೆಯ ಬೆಳಿಗ್ಗೆ ಒದ್ದೆ ಸೀರೆ ಹರವಲು ಬಂದವರ ಗತಿ ಊಹಿಸಿ. ಮಕ್ಕಳ ಕೈಗೆಟುಕುವ ಗೋದಲಿಗೆ, ಅಡಾಪ್ಟರಿನ ಮೂಲಕ 5 ವೋಲ್ಟಿನಲ್ಲಿ ಉರಿಯುವ ಮಾಲೆಯನ್ನೇ ಕೊಳ್ಳಿರೆಂದು ನಮ್ಮ ಸಲಹೆ.

ಆ ಮಾಲೆಯ ರಟ್ಟಿನ ಪೆಟ್ಟಿಗೆಯ ಮೇಲೆ ಎಚ್ಚರಿಕೆಯ ಮಾತು ಇಲ್ಲದಿರಲಿಲ್ಲ. ಇರುವೆಯ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಸಾಲು ಇತ್ತು. ಕನ್ನಡದ ಮಾತಂತಿರಲಿ, ಆ ರಾಜ್ಯದ ತಮಿಳೂ ಅದರಲ್ಲಿರಲಿಲ್ಲ. ಪೆಟ್ಟಿಗೆಯ ಮೇಲೆ ನಮ್ಮ ಭಾಷೆ ಬರುವವರೆಗೆ ಕಾಯುತ್ತ ಕೂತರೆ ಆಗದು. ಸರಣಿ, ಸಮಾಂತರ ಎಂಬ ಪಾಠ ಹೈಸ್ಕೂಲಿನಲ್ಲಿ ಇದ್ದೇ ಇದೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಅಧ್ಯಾಪಕರು ಡಿಸೆಂಬರಿನ ಒಂದು ಮಧ್ಯಾಹ್ನ ಮನೆಮನೆಯ ಕೆಟ್ಟ ಮಾಲೆಗಳನ್ನು ತರಿಸಿ, ಒಂದು ಮಲ್ಟಿಮೀಟರ್ ಹಿಡಿದು, ಪ್ಲಗ್ ಕಿತ್ತಿಟ್ಟು ದೋಷ ಹುಡುಕುವುದನ್ನು ಮಕ್ಕಳಿಗೆ ಕನ್ನಡದಲ್ಲೇ ತೋರಿಸಿಕೊಡಲಿ. ಮೀಟರಿಗೆ ಬೀಳುವ ಖರ್ಚು ಕೆಲವು ನೂರು ರೂಪಾಯಿ. ರಕ್ಷಕ ಶಿಕ್ಷಕ ಸಂಘಗಳಿಗೆ ಇದು ಭಾರವಾಗಲಾರದು.

ಉದ್ದನಪಲ್ಲಿಯಲ್ಲಿ ಆ ಸಂಜೆ ಬೆಸುಗೆ ಹಾಕಲು ಪಕ್ಕದ ಬೀದಿಯ ರೇಡಿಯೋ ರಿಪೇರಿಯವರನ್ನು ಕರೆಸಬೇಕಾಯಿತು. ಅವರು ಐದೇ ನಿಮಿಷದಲ್ಲಿ ಕೆಲಸ ಮುಗಿಸಿದರು, ದುಡ್ಡು ಬೇಡವೆಂದು ಕಾಫಿ ಕುಡಿದು ಹೋದರು. ಮಾಲೆ ಪೂರ್ತಿ ಉರಿಯಿತು. ಹುಡುಗ ಮಾತ್ರ ಮತ್ತೆ ಪ್ಲಗ್ ಕಿತ್ತು, ಅದನ್ನು ಸ್ಟೂಲಿನ ಮೇಲೆ ಎದುರಿಗೇ ಇಟ್ಟು, ಡಬ್ಬಿ ಬಿಚ್ಚಿ ಬೆಸುಗೆಯನ್ನು ಇನ್ನೊಮ್ಮೆ ನೋಡುತ್ತ ಕೂತಿದ್ದ.